ಗುಡ್ಡದ ಗಾಡಿ ಕೊಂಡ ರೈತ

“ಗುರುಗಳೇ, ವ್ರತಗಳಲ್ಲೆಲ್ಲ ಬಹಳ ಗಟ್ಟಿಯಾದ ವ್ರತ ಯಾವುದು?” ಎಂದು ಮರುಳಸಿದ್ಧ ಕೇಳಿದ.

ಮರುಳಸಿದ್ಧ ಮಠದ ಶಿಷ್ಯ. ಮನಸ್ಸನ್ನು ನಿಲ್ಲಿಸಬೇಕು ಎಂಬ ಒಂದೇ ಆಸೆಯಿಂದ ಮನೆ ಬಿಟ್ಟು ಬಂದವನು. ಬಂದವನೇ ಮೊದಲು ಕೆಲವು ತಿಂಗಳು ಮೌನ ಹಿಡಿದ. ಬಾಯಿ ಸುಮ್ಮನಾಯಿತು, ಅದರ ಪಾಲಿನ ಮಾತನ್ನೂ ಮನಸ್ಸೇ ಆಡತೊಡಗಿತು. ಮೌನ ಸಾಲದು ಎಂದು ಒಪ್ಪತ್ತಿನ ಊಟ ಹಿಡಿದ. ಮನಸ್ಸು ಹೋಗಿ ದಾಸೋಹದ ಮನೆಯ ಬಾಗಿಲಲ್ಲಿ ಕುಳಿತಿತು. ಅದೂ ಸಾಲದು ಎಂದು ನಿದ್ದೆ ಕಡಿಮೆ ಮಾಡಿದ. ಮನಸ್ಸಿಗೆ ಓಡಲು ಇನ್ನಷ್ಟು ಹೊತ್ತು ಸಿಕ್ಕಿತು, ಅಷ್ಟೇ. ಹಿಡಿದದ್ದನ್ನೆಲ್ಲ ಅವನು ಪ್ರಾಮಾಣಿಕವಾಗಿಯೇ ಹಿಡಿದಿದ್ದ. ಕಣ್ಣು ಗುಳಿಬಿದ್ದಿದ್ದವು, ಪಕ್ಕೆಲುಬು ಎದ್ದು ಕಾಣುತ್ತಿದ್ದವು. ಇನ್ನೂ ಗಟ್ಟಿಯಾದದ್ದೊಂದು ಸಿಕ್ಕರೆ ಅದನ್ನೂ ಹಿಡಿಯುತ್ತೇನೆ, ಸಿಗದಿದ್ದರೆ ಮಠ ಬಿಟ್ಟು ಹೋಗುತ್ತೇನೆ ಎಂದು ನಿಶ್ಚಯ ಮಾಡಿಕೊಂಡೇ ಬಂದಿದ್ದ.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಕೂತುಕೋ. ಒಬ್ಬ ರೈತ ಗಾಡಿ ಕೊಂಡದ್ದನ್ನು ಹೇಳುತ್ತೇನೆ” ಎಂದರು.

“ನಾನು ಕೇಳಿದ್ದು ವ್ರತ.”

“ಅವನೂ ಗಟ್ಟಿಯಾದದ್ದನ್ನೇ ಕೇಳಿದ.”

ಮರುಳಸಿದ್ಧ ಕುಳಿತ. ಗುರುಗಳು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ರೈತನಿದ್ದ. ಹೊಲ ಅವನಿಗೆ ಕೈಕೊಟ್ಟಿರಲಿಲ್ಲ, ಮಕ್ಕಳೂ ಕೈಕೊಟ್ಟಿರಲಿಲ್ಲ. ಎರಡನ್ನೂ ಒಟ್ಟಿಗೆ ಪಡೆದವರು ಕಡಿಮೆ, ಅವನು ಪಡೆದಿದ್ದ. ಸುತ್ತಿನ ಹಳ್ಳಿಗಳಲ್ಲಿ ಅವನಿಗೆ ಒಂದು ಹೆಸರಿತ್ತು. ಎತ್ತು ನೋಡುವವನು ಎಂದರೆ ಅವನೇ. ಯಾರ ಮನೆಗೆ ಎತ್ತು ಬೇಕಾದರೂ ಅವನನ್ನು ಮುಂದೆ ಮಾಡಿಕೊಂಡೇ ದನದ ಪೇಟೆಗೆ ಹೋಗುತ್ತಿದ್ದರು. ಅವನು ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ, ಮೈಮೇಲಿನ ಸುಳಿ ನೋಡಿ ಗುಣ ಹೇಳುತ್ತಿದ್ದ. ನಡೆಸಿ, ತಿರುಗಿಸಿ, ಭಾರ ಎಳೆಸಿ, ಕೊನೆಗೆ ‘ಹೂಂ’ ಎನ್ನುತ್ತಿದ್ದ. ಅವನು ಹೂಂಗುಟ್ಟಿದ ಎತ್ತು ಯಾರ ಮನೆಯನ್ನೂ ಮುಳುಗಿಸಿದ್ದಿಲ್ಲ.

ಎಲ್ಲವನ್ನೂ ಪರೀಕ್ಷಿಸುತ್ತಿದ್ದ ಅವನು ಎತ್ತು ನಿಲ್ಲುತ್ತದೆಯೇ ಎಂಬುದನ್ನು ಮಾತ್ರ ಪರೀಕ್ಷಿಸುತ್ತಿರಲಿಲ್ಲ. ಯಾರೂ ಪರೀಕ್ಷಿಸುವುದಿಲ್ಲ. ನಿಲ್ಲುವುದು ಎತ್ತಿನ ಆಸೆ. ಎಳೆಯುವುದನ್ನು ಅದಕ್ಕೆ ಮನುಷ್ಯ ಕಲಿಸಬೇಕು, ನಿಲ್ಲುವುದನ್ನು ಅದು ಕಲಿತೇ ಹುಟ್ಟಿರುತ್ತದೆ. ಹಗ್ಗವನ್ನು ಬಿಗಿಹಿಡಿದು ಎದೆಗೆ ಜಗ್ಗಿ ‘ಹೋ’ ಎಂದರೆ ಮುಗಿಯಿತು. ರೈತ ಸಣ್ಣವನಿದ್ದಾಗಿನಿಂದ ಹಾಗೆ ಜಗ್ಗುತ್ತ ಬಂದಿದ್ದ. ಚಕ್ಕಡಿಯಲ್ಲಿ ತೂಕಡಿಸುವಾಗಲೂ ಅವನ ಕೈ ಆ ಕೆಲಸವನ್ನು ತಾನೇ ಮಾಡುತ್ತಿತ್ತು.

ಊರಿಗೆ ಟ್ರ್ಯಾಕ್ಟರುಗಳು ಬಂದವು. ಎತ್ತುಗಳು ಒಂದೊಂದಾಗಿ ಮನೆ ಬಿಟ್ಟವು. ರೈತನ ಕೊಟ್ಟಿಗೆಯೂ ಬರಿದಾಯಿತು. ಮಕ್ಕಳು ಹೊಲ ನೋಡಿಕೊಂಡರು, ಸೊಸೆಯರು ಮನೆ ನೋಡಿಕೊಂಡರು. ರೈತ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನು ನೋಡಿಕೊಂಡ. ಕೈ ಮಾತ್ರ ಹಗ್ಗ ಹುಡುಕುತ್ತಿತ್ತು.

ಹೀಗಿರುವಾಗ ಗಂಡ ಹೆಂಡತಿ ಇಬ್ಬರೂ ಹೊಳೆಯಾಚೆಯ ಊರಿಗೆ ಬೀಗರ ಮನೆಯ ಮದುವೆಗೆ ಹೋದರು. ಆ ಊರಿನ ಬಂಡೆಗಳ ನಡುವೆ ಒಂದು ಮೋಜಿನ ಬಯಲಿತ್ತು. ಪಟ್ಟಣದವರು ಬಂದು ಅಲ್ಲಿ ನಾಲ್ಕು ಗಾಲಿಯ ಬೈಕು ಓಡಿಸುತ್ತಿದ್ದರು. ಗಾಲಿ ದಪ್ಪ, ಮೈ ಗಿಡ್ಡ, ಸದ್ದು ಮಾತ್ರ ಗೂಳಿಯದು. ಬಂಡೆ, ಮರಳು, ಹಳ್ಳ ಯಾವುದನ್ನೂ ಲೆಕ್ಕಿಸುತ್ತಿರಲಿಲ್ಲ. ಪಟ್ಟಣದವರು ಅದಕ್ಕೆ ಎಟಿವಿ ಎನ್ನುತ್ತಿದ್ದರು. ಹಳ್ಳಿಯವರು ಗುಡ್ಡದ ಗಾಡಿ ಎನ್ನುತ್ತಿದ್ದರು. ಬೀಗರು ಒತ್ತಾಯ ಮಾಡಿ ರೈತನನ್ನು ಅದರ ಮೇಲೆ ಕೂರಿಸಿದರು. ಓಡಿಸಿದವನು ಅಲ್ಲಿಯ ಆಳು. ರೈತ ಅವನ ಬೆನ್ನಿಗೆ ಅಂಟಿಕೊಂಡು ಕುಳಿತದ್ದಷ್ಟೇ.

ಗಾಡಿ ಒಂದು ಬಂಡೆ ಹತ್ತಿ ಆಚೆ ಬದಿಗೆ ಧುಮುಕಿತು. ರೈತನ ಎದೆ ಬಾಯಿಗೆ ಬಂತು. ಬಂದದ್ದು ನಗುವಾಗಿ ಹೊರಬಿತ್ತು. ಅವನು ಗಹಗಹಿಸಿ ನಕ್ಕ. ಕೆಳಗೆ ನಿಂತಿದ್ದ ಹೆಂಡತಿ ಬೆಚ್ಚಿದಳು. ಮದುವೆಯಾದ ದಿನದಿಂದ ಆ ನಗುವನ್ನು ಅವಳು ಕೇಳಿರಲಿಲ್ಲ. ಪಕ್ಕದವಳನ್ನು ಹಿಡಿದು, ನಕ್ಕಿದ್ದು ನಮ್ಮನೆಯವರೇನವ್ವಾ ಎಂದು ಕೇಳಿದಳು.

ಮದುವೆ ಮುಗಿಸಿ ಮನೆಗೆ ಬಂದ ರೈತ ಊಟಕ್ಕೆ ಕುಳಿತು, ತನಗೊಂದು ಗುಡ್ಡದ ಗಾಡಿ ಬೇಕು ಎಂದ.

“ಹೊಲಕ್ಕೇನ್ರಿ ಅಪ್ಪಾ?” ಎಂದು ಹಿರಿಯ ಮಗ ಕೇಳಿದ.

“ಅಲ್ಲ.”

“ಸಂತಿಗೇನು?”

“ಅಲ್ಲ.”

“ಮತ್ಯಾಕ್ರಿ?”

“ಸುಮ್ಮನ. ಗುಡ್ಡ ಹತ್ತಾಕ, ಇಳಿಯಾಕ.”

ಮಗನ ಕೈಯಲ್ಲಿದ್ದ ರೊಟ್ಟಿಯ ತುತ್ತು ಬಾಯಿಗೆ ಹೋಗಲಿಲ್ಲ. ಅಪ್ಪ ಸುಮ್ಮನೆ ಒಂದು ಕಡ್ಡಿಯನ್ನೂ ಮನೆಗೆ ತಂದವನಲ್ಲ. ಆಕಳು ತಂದರೆ ಹಾಲಿಗೆ, ನಾಯಿ ತಂದರೆ ಕಾವಲಿಗೆ. ಈಗ ಗುಡ್ಡ ಹತ್ತಿ ಇಳಿಯುವುದಕ್ಕೆ ಗಾಡಿ. ಸುದ್ದಿ ಮನೆಯಿಂದ ಓಣಿಗೆ, ಓಣಿಯಿಂದ ಊರಿಗೆ ಹರಡಿತು. ಅರವತ್ತಕ್ಕೆ ಅರಳುಮರಳು ಎಂದರು ಕೆಲವರು. ಮೇಲೆ ಹತ್ತಿ ಮಾಡುವುದೇನು, ಮತ್ತೆ ಇಳಿಯಲೇಬೇಕಲ್ಲ ಎಂದರು ಲೆಕ್ಕಸ್ಥರು. ಊರಿನವರಿಗೆ ಅದು ಅನ್ಯಾಯದ ಹಾಗೆ ಕಂಡಿತು. ಕೆಟ್ಟ ಚಟಕ್ಕೆ ದುಡ್ಡು ಹೋದರೆ ಅವರಿಗೆ ಅರ್ಥವಾಗುತ್ತಿತ್ತು, ಬರೀ ಸಂತೋಷಕ್ಕೆ ಹೋದರೆ ಅರ್ಥವಾಗುತ್ತಿರಲಿಲ್ಲ.

ರೈತ ಹೆಂಡತಿಯ ಮುಖ ನೋಡಿದ. ಅವಳು ಬೇಡವೆಂದರೆ ಬಿಡುವವನಿದ್ದ.

“ತಗೊಳ್ರಿ” ಎಂದಳು ಅವಳು. “ಅವತ್ತ ನೀವು ನಕ್ರಲ್ಲ, ಅದನ್ನ ನಾ ಇನ್ನೊಮ್ಮಿ ಕೇಳಬೇಕು.”

ರೈತನಿಗೆ ಅಷ್ಟು ಸಾಕಾಯಿತು. ಮರುದಿನವೇ ರುಮಾಲು ಸುತ್ತಿಕೊಂಡು ಪಟ್ಟಣಕ್ಕೆ ಹೊರಟ.

ಅಂಗಡಿಯಲ್ಲಿ ಬಗೆಬಗೆಯ ಗಾಡಿಗಳಿದ್ದವು. ಬಾಗಿಲ ಬಳಿ ಸಣ್ಣವು, ಒಳಗೆ ದೊಡ್ಡವು. ರೈತ ಯಾರನ್ನೂ ಏನನ್ನೂ ಕೇಳದೆ ಪರೀಕ್ಷೆಗೆ ತೊಡಗಿದ. ಎತ್ತನ್ನು ಮೊದಲು ಹಿಂದಿನಿಂದ ನೋಡಬೇಕು, ಆದ್ದರಿಂದ ಗಾಡಿಯನ್ನೂ ಹಿಂದಿನಿಂದ ನೋಡಿದ. ಗಾಲಿಗಳನ್ನು ಗೊರಸಿನ ಹಾಗೆ ಬಡಿದು ನೋಡಿದ. ಬಗ್ಗಿ ಹೊಟ್ಟೆಯ ಕೆಳಗೆ ಕೈಯಾಡಿಸಿ, ನೆಲಕ್ಕೆ ತಾಗುವುದಿಲ್ಲ ಎಂದು ಸಮಾಧಾನಪಟ್ಟ. ಆಸನವನ್ನು ಒತ್ತಿ ನೋಡಿದ. ಬಾಯಿ ಎಲ್ಲಿದೆ ಎಂದು ಮಾತ್ರ ತಿಳಿಯಲಿಲ್ಲ, ಇಲ್ಲದಿದ್ದರೆ ಹಲ್ಲನ್ನೂ ನೋಡುವವನೇ.

ಅಂಗಡಿಯವನು ಒಳ್ಳೆಯವನಿದ್ದ. ಮಾರುವುದಷ್ಟೇ ಮುಖ್ಯ ಎನ್ನುವವನಾಗಿದ್ದರೆ ದೊಡ್ಡದನ್ನೇ ಮುಂದೆ ತಂದು ನಿಲ್ಲಿಸುತ್ತಿದ್ದ. ಅವನು ಸಣ್ಣದನ್ನು ತೋರಿಸಿದ.

“ಯಜಮಾನ್ರ, ಹೊಸದಾಗಿ ಓಡಸೋರಿಗೆ ಇದು ಛಲೋ. ಭಾರ ಕಮ್ಮಿ, ಹೇಳಿದ ಮಾತು ಕೇಳ್ತೈತಿ. ದೊಡ್ಡದು ಪಳಗಿದ ಕೈಗೆ.”

“ಕರು ಕಟ್ಟಿ ಚಕ್ಕಡಿ ಹೂಡಿದವರನ್ನ ಎಲ್ಲೆರ ನೋಡೀಯೇನಪಾ?” ಎಂದ ರೈತ. “ಎಲ್ಲಾದರೊಳಗ ಜೋರಿದ್ದದ್ದು ಯಾವುದು, ಅದನ್ನ ಹೇಳು.”

ಎಲ್ಲದರೊಳಗೆ ಜೋರಿದ್ದದ್ದು ಮೂಲೆಯಲ್ಲಿತ್ತು. ಎತ್ತರದ ಎದೆ, ಅಗಲ ಬೆನ್ನು. ಮುಂದಿನ ಗಾಲಿಯೂ ಎಳೆಯುತ್ತದೆ, ಹಿಂದಿನ ಗಾಲಿಯೂ ಎಳೆಯುತ್ತದೆ, ಕೆಸರಲ್ಲಿ ಹೂತರೂ ತಾನೇ ಎದ್ದು ಬರುತ್ತದೆ ಎಂದು ಅಂಗಡಿಯವನು ಹೇಳಿದ. ರೈತ ಅದನ್ನು ಒಂದು ಸುತ್ತು ಸುತ್ತಿ ‘ಹೂಂ’ ಎಂದ.

ಅಂಗಡಿಯವನು ಉಳಿದದ್ದನ್ನೂ ಹೇಳಿದ. ಇದು ಹೊಲಕ್ಕೆ, ಗುಡ್ಡಕ್ಕೆ ಮಾತ್ರ, ಡಾಂಬರು ರಸ್ತೆಗೆ ಇಳಿಸುವಂತಿಲ್ಲ, ಊರಿಗೆ ಟೆಂಪೋದಲ್ಲಿ ಸಾಗಿಸಬೇಕು. ಕೂರುವವನು ಒಬ್ಬನೇ, ತಲೆಗೆ ಹೆಲ್ಮೆಟ್ ಇರಲೇಬೇಕು. ರೈತ ಎಲ್ಲಕ್ಕೂ ತಲೆಯಾಡಿಸಿದ. ಅಂಗಡಿಯವನು ಕೀಲಿ ತಿರುಗಿಸುವುದನ್ನು ತೋರಿಸಿದ, ಬ್ರೇಕು ತೋರಿಸಿದ. ಹ್ಯಾಂಡಲಿನ ಬಲಗಡೆ, ಹಿಡಿಯುವ ಜಾಗದ ಕೆಳಗೆ ಒಂದು ಸಣ್ಣ ಪಟ್ಟಿ ಇತ್ತು. ಹೆಬ್ಬೆರಳಿನಿಂದ ಅದನ್ನು ಒತ್ತಿದರೆ ಗಾಡಿ ಓಡುತ್ತದೆ, ಒತ್ತಿದಷ್ಟೂ ಜೋರಾಗಿ ಓಡುತ್ತದೆ ಎಂದ. ರೈತನ ಕಣ್ಣು ಗಾಲಿಗಳ ಮೇಲಿತ್ತು. ಅಂಥ ಗೊರಸನ್ನು ಅವನು ಯಾವ ಪೇಟೆಯಲ್ಲೂ ನೋಡಿರಲಿಲ್ಲ.

“ಹಿತ್ತಲದಾಗ ಬಯಲೈತ್ರಿ. ಅರ್ಧ ದಿನ ನಮ್ಮ ಹುಡುಗನ ಜೋಡಿ ನಿಲ್ಲಸೂದು, ಇಳಸೂದು ರೂಢಿ ಮಾಡ್ಕೊಂಡು ಹೋಗ್ರಿ” ಎಂದ ಅಂಗಡಿಯವನು.

ರೈತ ದಂಗಾದ. ಅವನಿಗೆ ಸಿಟ್ಟು ಬರಲಿಲ್ಲ, ನಿಜವಾಗಿ ಆಶ್ಚರ್ಯವೇ ಆಯಿತು. ಕೊಡ ಹೊತ್ತು ನೀರು ತರುವವಳಿಗೆ ನಡೆಯಲು ಕಲಿಸುತ್ತೇನೆ ಎಂದ ಹಾಗಿತ್ತು.

“ನಿಲ್ಲಸೂದ ನನಗ ಕಲಸ್ತೀಯೇನು?” ಎಂದ. “ಓಡಸೂದ ಕಷ್ಟ ತಮ್ಮಾ, ನಿಲ್ಲಸೂದು ಏನೈತಿ ಅದರಾಗ?”

ಅಂಗಡಿಯವನು ಇನ್ನೊಮ್ಮೆ ಹೇಳಿ ನೋಡಿದ. ಆಮೇಲೆ ಕೈಮುಗಿದ.

ಗಾಡಿ ಟೆಂಪೋ ಏರಿ ಊರಿಗೆ ಬಂತು. ನಗುತ್ತಿದ್ದ ಊರು ನಗುವುದನ್ನು ಬಿಟ್ಟು ನೋಡಲು ನಿಂತಿತು. ಅದನ್ನು ಮನೆಯ ಹಿಂದಿನ ಕಣಕ್ಕೆ ಇಳಿಸಿದರು. ಹೊಸ ಗಾಡಿಯೆಂದ ಮೇಲೆ ಪೂಜೆಯಾಗದೆ ಚಕ್ರ ಉರುಳುವಂತಿಲ್ಲ. ತೊಳೆದು, ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿದರು. ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟರು. ಹೆಲ್ಮೆಟ್ಟಿಗೂ ಕುಂಕುಮ ಹಚ್ಚಿ ಗೂಟಕ್ಕೆ ತೂಗುಹಾಕಿದರು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಎತ್ತು ಹೂಡಿದ ದಿನ ಮನೆಯಾಕೆ ನೊಗದ ಮುಂದೆ ನಿಂತು ಆರತಿ ಬೆಳಗಬೇಕು, ಎತ್ತಿನ ಬಾಯಿಗೆ ತನ್ನ ಕೈಯಾರೆ ಬೆಲ್ಲ ಕೊಡಬೇಕು. ಅವಳು ಪಕ್ಕಕ್ಕೆ ಸರಿದ ಮೇಲೆಯೇ ಚಕ್ಕಡಿ ಕದಲಬೇಕು. ರೈತನ ಹೆಂಡತಿ ಎಷ್ಟೋ ಜೋಡಿಗಳ ಕೊಂಬಿನಡಿ ಹಾಗೆ ನಿಂತಿದ್ದಳು. ಹಗ್ಗ ಗಂಡನ ಕೈಯಲ್ಲಿತ್ತು, ಅವಳಿಗೆ ಹೆದರಿಕೆ ಎಂಬುದೇ ಇರಲಿಲ್ಲ. ಒಂದು ಗೊರಸೂ ಅವಳ ಸೀರೆಯ ಸೆರಗನ್ನು ತುಳಿದದ್ದಿಲ್ಲ.

ಅವತ್ತೂ ಅವಳು ಹಾಗೆಯೇ ಹೋಗಿ ಗಾಡಿಯ ಮುಂದೆ ನಿಂತಳು. ಯಾರಿಗೂ ತಪ್ಪೆನಿಸಲಿಲ್ಲ. ರೈತನಿಗೂ ಅನಿಸಲಿಲ್ಲ. ಮೊಬೈಲು ಹಿಡಿದು ನಿಂತಿದ್ದ ಹುಡುಗರು ಸದ್ದೂ ಬರಲಿ, ಚಾಲೂ ಮಾಡ್ರಿ ಎಂದರು. ರೈತ ಏರಿ ಕುಳಿತು ಕೀಲಿ ತಿರುಗಿಸಿದ. ಗಾಡಿ ಗುರುಗುಟ್ಟಿತು. ಅವಳು ಆರತಿ ಬೆಳಗಿದಳು. ಬೆಲ್ಲದ ಚೂರು ಹಿಡಿದು, ಕೊಡುವುದೆಲ್ಲಿ ಎಂದು ಗಾಡಿಯ ಮುಖವನ್ನು ಹುಡುಕಿದಳು. ಕಣದ ತುಂಬ ನಗೆಯೆದ್ದಿತು. ರೈತನಿಗೂ ನಗು ಬಂತು. ನಗುತ್ತ ಹ್ಯಾಂಡಲನ್ನು ಸ್ವಲ್ಪ ಬಿಗಿಯಾಗಿ ಹಿಡಿದ.

ಗಾಡಿ ಒಂದು ಮೊಳ ಮುಂದಕ್ಕೆ ಜಿಗಿಯಿತು. ನಿಂಬೆಹಣ್ಣು ಪಚ್ಚೆಂದವು.

ಬೆದರಿದ ಎತ್ತು ಹೀಗೆ ಜಿಗಿಯುವುದನ್ನು ರೈತ ಎಷ್ಟೋ ಸಲ ಕಂಡಿದ್ದ. ಏನು ಮಾಡಬೇಕೆಂದು ಅವನು ಯೋಚಿಸಲಿಲ್ಲ. ಯೋಚಿಸುವ ಮೊದಲೇ ಕೈ ತನ್ನ ಕೆಲಸ ಮಾಡಿತು. ಎರಡೂ ಮುಷ್ಟಿಯನ್ನು ಬಿಗಿದು ಹ್ಯಾಂಡಲನ್ನು ಎದೆಗೆ ಜಗ್ಗಿಕೊಂಡು ‘ಹೋ!’ ಎಂದು ಕೂಗಿದ.

ಗಾಡಿ ನೆಗೆಯಿತು.

ಹೆಂಡತಿಯ ಕೈಯಿಂದ ಆರತಿಯ ತಟ್ಟೆ ಬಿತ್ತು. ಅವಳು ತಿರುಗಿ ಓಡಿದಳು. ಹೆದರಿದವರು ಪಕ್ಕಕ್ಕೆ ಸರಿಯುವುದಿಲ್ಲ, ನೆಟ್ಟಗೆ ಓಡುತ್ತಾರೆ. ಎರಡೂ ಕೈಯಲ್ಲಿ ಸಮನಾಗಿ ಜಗ್ಗಿದ ಗಾಡಿಯೂ ನೆಟ್ಟಗೆ ಓಡಿತು. ರೈತ ಇನ್ನೂ ಬಿಗಿಯಾಗಿ ಹಿಡಿದ. ಅದು ಇನ್ನೂ ಜೋರಾಯಿತು. ರೈತನಿಗೆ ನಂಬಲಾಗಲಿಲ್ಲ. ಜಗ್ಗಿದಷ್ಟೂ ಓಡುವ ಪ್ರಾಣಿಯನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಇದಕ್ಕೆ ಸೊಕ್ಕು, ಇದಕ್ಕೆ ದೆವ್ವ ಹೊಕ್ಕಿದೆ ಎಂದುಕೊಂಡ. ಹಲ್ಲು ಕಚ್ಚಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಎಸೆದು, ‘ಹೋ! ಹೋ!’ ಎಂದು ಕೂಗುತ್ತ ಜಗ್ಗಿದ.

ನಿಂತು ನೋಡುತ್ತಿದ್ದವರೂ ಎತ್ತಿನವರೇ. ಊರಿಗೆ ಊರೇ ‘ಗಟ್ಟಿ ಹಿಡೀರಿ, ಗಟ್ಟಿ ಹಿಡೀರಿ’ ಎಂದು ಕೂಗಿತು. ಹಿರಿಯ ಮಗ ಒಬ್ಬನೇ ಏನನ್ನೋ ಬೇರೆ ಕೂಗುತ್ತ ಬೆನ್ನಟ್ಟಿದ. ಆ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಕಣದ ಕೊನೆಯಲ್ಲಿ ಕೊಟ್ಟಿಗೆಯ ಕಲ್ಲುಗೋಡೆ ಇತ್ತು. ಹೆಂಡತಿ ಅದರವರೆಗೆ ಓಡಿದಳು. ಮುಂದೆ ದಾರಿಯಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ತಿರುಗಿದಳು. ಇಬ್ಬರ ಕಣ್ಣೂ ಕೂಡಿದವು. ತನ್ನ ಕೈಯಾರೆ ಇವಳು ಸಾಯುತ್ತಾಳೆ ಎಂದು ರೈತನಿಗೆ ಗೊತ್ತಾಯಿತು. ಅಂಥ ಹೊತ್ತಿನಲ್ಲಿ ಮನುಷ್ಯ ತನಗೆ ಗೊತ್ತಿರುವುದನ್ನೇ ಇನ್ನಷ್ಟು ಮಾಡುತ್ತಾನೆ. ಅವನು ಇನ್ನಷ್ಟು ಬಿಗಿಯಾಗಿ ಹಿಡಿದ.

ಗೋಡೆಗೆ ಸ್ವಲ್ಪ ಮೊದಲು, ಹಿಂದೆ ರಾಶಿ ತುಳಿಸಲು ಉರುಳಿಸುತ್ತಿದ್ದ ರೋಣಗಲ್ಲು ಬಿದ್ದಿತ್ತು. ಒಂದು ಗಾಲಿ ಅದರ ಮೇಲೆ ಏರಿತು. ಗಾಡಿ ವಾಲಿತು. ರೈತ ಹಾರಿ ಜೋಳದ ಕಣಿಕೆಯ ಬಣವೆಯ ಬುಡಕ್ಕೆ ಬಿದ್ದ.

ಬಿದ್ದವನು ಕಣ್ಣು ಮುಚ್ಚಿಕೊಂಡ. ಗೋಡೆಗೆ ಬಡಿಯುವ ಸದ್ದಿಗಾಗಿ ಕಾದ. ಸದ್ದು ಬರಲಿಲ್ಲ. ಕಣ್ಣು ತೆರೆಯಲು ಅವನಿಗೆ ಧೈರ್ಯವಾಗಲಿಲ್ಲ. ಕೊನೆಗೆ ತೆರೆದ.

ಗಾಡಿ ನಿಂತಿತ್ತು. ಹೆಂಡತಿಗೂ ಅದಕ್ಕೂ ನಡುವೆ ಒಂದು ಗೇಣು ಜಾಗ. ಮೆಲ್ಲಗೆ ಗುರುಗುಟ್ಟುತ್ತ, ಮೇವು ತಿಂದ ದನದ ಹಾಗೆ, ಯಾರ ಮೇಲೂ ಹಗೆಯಿಲ್ಲದೆ ನಿಂತಿತ್ತು. ಅದನ್ನು ಯಾರೂ ಹಿಡಿದಿರಲಿಲ್ಲ.

ಅದು ಓಡಿದ್ದನ್ನು ಎಲ್ಲರೂ ಕಂಡಿದ್ದರು, ಅದಕ್ಕೆ ಅಂಜಿದ್ದರು. ಈಗ ನಿಂತದ್ದನ್ನು ಕಂಡು ಅದಕ್ಕಿಂತ ಹೆಚ್ಚು ಅಂಜಿದರು.

ಮೊದಲು ಮಾತಾಡಿದವಳು ಹೆಂಡತಿ. ಗೋಡೆಗೆ ಉಜ್ಜಿ ಅವಳ ಅಂಗೈ ಕಿತ್ತುಹೋಗಿತ್ತು.

“ನೀವು ಬಿಟ್ರಿ” ಎಂದಳು. “ನೀವು ಬಿಟ್ಟ ಮ್ಯಾಲ ನಿಂತೈತಿ.”

ರೈತ ಎದ್ದ. ಆ ಮಾತು ಅವನ ತಲೆಯೊಳಗೆ ಇಳಿಯಲಿಲ್ಲ. ಮಗ ಗಾಡಿಯನ್ನು ಗೋಡೆಯಿಂದ ಹಿಂದಕ್ಕೆ ತಳ್ಳಿ, ಬಯಲ ಕಡೆಗೆ ತಿರುಗಿಸಿ ನಿಲ್ಲಿಸಿದ. ರೈತ ಅದರ ಪಕ್ಕದಲ್ಲಿ ನಿಂತು, ಹೆಬ್ಬೆರಳನ್ನು ಆ ಸಣ್ಣ ಪಟ್ಟಿಯ ಮೇಲೆ ಇಟ್ಟ. ಮೆಲ್ಲಗೆ ಒತ್ತಿದ. ಗಾಡಿ ಕದಲಿತು. ಬಿಟ್ಟ. ನಿಂತಿತು. ಇನ್ನೊಮ್ಮೆ ಒತ್ತಿದ. ಕದಲಿತು. ಬಿಟ್ಟ. ನಿಂತಿತು.

ಆಗ ಅವನಿಗೆ ತಿಳಿಯಿತು. ಕಣದ ಉದ್ದಕ್ಕೂ ತನ್ನ ಹೆಂಡತಿಯನ್ನು ಅಟ್ಟಿಸಿಕೊಂಡು ಬಂದದ್ದು ದೆವ್ವವಲ್ಲ, ಸೊಕ್ಕಿದ ಪ್ರಾಣಿಯಲ್ಲ. ಅವಳನ್ನು ಉಳಿಸಬೇಕೆಂದು ಪ್ರಾಣವನ್ನೇ ಪಣಕ್ಕಿಟ್ಟು ಅವನು ಹಿಡಿದ ಹಿಡಿತವೇ ಅವಳ ಮೇಲೆ ಏರಿ ಬಂದಿತ್ತು. ಅವನಿಗೆ ಅಳು ಬಂತು. ಎಲ್ಲರ ಎದುರೂ ಅತ್ತ.

ಊರು ತನ್ನ ಕೆಲಸ ಶುರುಮಾಡಿತು. ಮನೆಗೆ ತಂದ ಗಳಿಗೆ ಸರಿಯಿರಲಿಲ್ಲ ಎಂದರು ಕೆಲವರು. ನಿಂಬೆಹಣ್ಣು ಒಣಗಿದ್ದವು ಎಂದರು. ಇಂಥ ಗಾಡಿಯಲ್ಲೂ ಕೆಟ್ಟ ಸುಳಿ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ ಎಂದು ಒಬ್ಬ ಹಿರಿಯ ತೀರ್ಪು ಕೊಟ್ಟ. ಮಾರಿಬಿಡಿ ಎಂದು ಎಲ್ಲರೂ ಸೇರಿ ಬುದ್ಧಿ ಹೇಳಿದರು. ಗಟ್ಟಿ ಹಿಡಿಯಿರಿ ಎಂದು ಕೂಗಿದ್ದು ಯಾರಿಗೂ ನೆನಪಿರಲಿಲ್ಲ.

ರೈತ ಕಣ್ಣೊರಸಿಕೊಂಡು ಹೆಂಡತಿಯ ಬಳಿಗೆ ಹೋದ. ಅವಳು ಗೋಡೆಯ ಬುಡದಲ್ಲಿ ಕುಳಿತಿದ್ದಳು. ಅವಳನ್ನು ಎಬ್ಬಿಸಲು ಕೈ ಚಾಚಿದ. ಗಾಡಿ ಅವಳ ಹತ್ತಿರದಲ್ಲೇ ಗುರುಗುಟ್ಟುತ್ತಿತ್ತು, ಅದರ ಕಡೆಗೆ ಅವಳು ನೋಡಲೂ ಇಲ್ಲ. ಅವನ ಕೈಯನ್ನು ನೋಡಿ ಹಿಂದಕ್ಕೆ ಸರಿದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಮರುಳಸಿದ್ಧ ಇನ್ನೂ ಆ ಗೋಡೆಯ ಬುಡದಲ್ಲೇ ಇದ್ದ. ಸಾವರಿಸಿಕೊಂಡು, ಕತೆಯಿಂದ ತನಗೆ ಬೇಕಾದದ್ದನ್ನು ಹೆಕ್ಕಿಕೊಂಡ. “ತಿಳಿಯಿತು ಗುರುಗಳೇ. ಅವನು ಸಣ್ಣ ಗಾಡಿ ಕೊಳ್ಳಬೇಕಿತ್ತು. ನಾನೂ ಸಣ್ಣ ವ್ರತ ಹಿಡಿಯಬೇಕು.”

“ಸಣ್ಣದಾಗಿದ್ದರೆ ಸ್ವಲ್ಪ ನಿಧಾನವಾಗಿ ಅಟ್ಟಿಸಿಕೊಂಡು ಹೋಗುತ್ತಿತ್ತು” ಎಂದರು ಗುರುಗಳು.

ಮರುಳಸಿದ್ಧನಿಗೆ ಕಣ್ಣಲ್ಲಿ ನೀರು ಬಂತು. ಮಠಕ್ಕೆ ಬಂದ ಮೇಲೆ ಅವನು ಮೊದಲ ಬಾರಿಗೆ ದನಿಯೇರಿಸಿದ. “ನನ್ನ ಮನಸ್ಸು ಗಾಡಿಯಲ್ಲ ಗುರುಗಳೇ. ಅದಕ್ಕೆ ಒತ್ತುವ ಪಟ್ಟಿಯಿಲ್ಲ, ತಿರುಗಿಸುವ ಕೀಲಿಯಿಲ್ಲ. ಹಗಲೂ ಇರುಳೂ ನಾನು ಅದಕ್ಕೆ ನಿಲ್ಲು, ನಿಲ್ಲು ಎನ್ನುತ್ತಲೇ ಇದ್ದೇನೆ, ಅದು ಓಡುತ್ತಲೇ ಇದೆ. ವ್ರತ ಕೊಡದಿದ್ದರೆ ಬೇಡ. ಅದನ್ನು ಓಡಿಸುತ್ತಿರುವವನು ಯಾರು ಎಂದಾದರೂ ಹೇಳಿ, ನಾನು ಹೊರಟುಹೋಗುತ್ತೇನೆ.”

ಗುರುಗಳು ಹೇಳಿದರು: “ನಿಲ್ಲು, ನಿಲ್ಲು ಎನ್ನುತ್ತಿದ್ದಾನಲ್ಲ, ಅವನೇ.”